ಕಬ್ಬಿಣ ಕಮ್ಮಿಯ ಚುಕ್ಕಿಗಳು

ಎಂಬತ್ತರ ದಶಕದಲ್ಲಿ ರಾಯಚೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಒಂದು ದಿನ ಮಾನ್ವಿಯ ಶಾಲೆಗೆ ಭಾಷಣಕ್ಕೆಂದು ಹೊರಟವನು, ಬಸ್ಸಿನಲ್ಲೇ ಅದನ್ನು ನನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದೆ: "ಕುಬ್ಜ ಗೆಲಾಕ್ಸಿ ಅಂದರೆ ಚುಕ್ಕಿಗಳ ಸಣ್ಣ ಸಂಸಾರ. ಅಲ್ಲಿನ ಹಳೆಯ ಚುಕ್ಕಿಗಳಲ್ಲಿ ಕಬ್ಬಿಣ ತೀರಾ ಕಮ್ಮಿ. ಕೆಲವು ಸಿಡಿದು ಸತ್ತು ಕಬ್ಬಿಣ ಚೆಲ್ಲುತ್ತವೆ. ಆಮೇಲೆ ಹುಟ್ಟಿದವುಗಳಲ್ಲಿ ಅದು ಹೆಚ್ಚು."

ಪಕ್ಕದಲ್ಲಿ ಸಿರವಾರದ ತಾಯಿಯೊಬ್ಬಳು, ಅವಳ ಬಸುರಿ ಮಗಳು ಕೂತಿದ್ದರು. ತಾಯಿ ತಟ್ಟನೆ ಕೇಳಿದಳು: "ಯಪ್ಪಾ, ಕಬ್ಬಿಣ ಕಮ್ಮಿ ಇದ್ದವು ಬದುಕ್ಯಾವೇನ್ರೀ? ಈಕಿ ರಕ್ತದಾಗ ಕಬ್ಬಿಣ ಇಲ್ಲಂತ ಡಾಕ್ಟರು ಅಂದಾರ."

"ಬದುಕ್ಯಾವ ಯವ್ವಾ. ಎಷ್ಟೋ ಇನ್ನೂ ಬೆಳಗಾಕತ್ಯಾವ," ಎಂದೆ.

ಅಲ್ಲಿಯವರೆಗೆ ಕಿಟಕಿಯ ಹೊರಗೇ ನೋಡುತ್ತಿದ್ದ ಮಗಳು ತಿರುಗಿ ನಕ್ಕಳು. "ಕೇಳಿದೇನವ್ವಾ? ಇನ್ನ ಆ ಕಬ್ಬಿಣದ ಗುಳಿಗಿ ಬ್ಯಾಡ."

"ಗುಳಿಗಿ ಬಿಡಬ್ಯಾಡವ್ವಾ! ನಾ ಹೇಳಿದ್ದು ಚುಕ್ಕಿ ಮಾತು," ಎಂದು ಕೈಮುಗಿದೆ.

ತಾಯಿ ಅವಳ ಅಂಗೈಗೆ ಗುಳಿಗೆ ಇಟ್ಟಳು. "ಮತ್ತ? ಚುಕ್ಕಿಗೇನಾಗ್ತದ, ಅದು ಹಡೀಬೇಕೇನು?"

ಮಗಳು ಮುಖ ಕಿವುಚಿ ನುಂಗಿದಳು. ಚುಕ್ಕಿಗಳು ಹಡೆಯುವುದೇ ನನ್ನ ಭಾಷಣದ ವಿಷಯವಾಗಿತ್ತು. ಆದರೆ ಆಗ ಅದನ್ನು ಬಾಯಿಬಿಟ್ಟು ಹೇಳುವಷ್ಟು ಪೆದ್ದ ನಾನಲ್ಲ.