ಮೂವರು ಬಚ್ಚಿಟ್ಟ ತೂಕ

ಮೊನ್ನೆ ಮಗಳ ಶಾಲೆಯಿಂದ ಒಂದು ಫಾರಂ ಬಂತು. ಹೆಸರು, ರಕ್ತದ ಗುಂಪು, ಎತ್ತರ, ತೂಕ, ಹಾಕಿಸಿದ ಲಸಿಕೆಗಳು, ಎಲ್ಲವನ್ನೂ ತುಂಬಿ ಸೋಮವಾರದೊಳಗೆ ಕಳಿಸಬೇಕಂತೆ. ಲಸಿಕೆ ಎಂದ ಮೇಲೆ ಲಸಿಕೆಯ ಕಾರ್ಡು ಬೇಕು, ಕಾರ್ಡು ಎಂದ ಮೇಲೆ ನಮ್ಮ ಅವ್ವನ ಟ್ರಂಕು ತೆಗೆಯಬೇಕು. ಕಳೆಯಬಾರದ ವಸ್ತುಗಳನ್ನೆಲ್ಲ ಅವ್ವ ಇಡುವುದು ಆ ಟ್ರಂಕಿನಲ್ಲಿ. ಒಮ್ಮೆ ಅದರೊಳಗೆ ಹೋದದ್ದು ಮತ್ತೆ ಬೇಕೆಂದಾಗ ಸಿಗುವುದಿಲ್ಲ ಎನ್ನುವುದು ಬೇರೆ ಮಾತು. ಇಳಕಲ್ ಸೀರೆಗಳ ಕೆಳಗೆ ಕೈ ತೂರಿಸಿದಾಗ ಕಾರ್ಡಿಗಿಂತ ಮೊದಲು ಒಂದು ಮೆತ್ತನೆಯ ಪ್ಲಾಸ್ಟಿಕ್ ಚೀಲ ಸಿಕ್ಕಿತು. ಬಿಡಿಸಿದರೆ ನಾಲ್ಕು ಡೈಪರು. ಎಸ್ ಸೈಜಿನವು. ಮೂಗಿಗೆ ಹಿಡಿದೆ. ನುಸಿಗುಳಿಗೆಯ ಘಾಟಿನ ಅಡಿಯಲ್ಲಿ ಆ ಹಳೆಯ ಪೌಡರಿನ ವಾಸನೆ ಇನ್ನೂ ಹಾಗೇ ಇತ್ತು.

ಮಗಳು ಓಡಿ ಬಂದು ಒಂದನ್ನು ಕಿತ್ತುಕೊಂಡಳು. ಅವಳಿಗೀಗ ಆರು ವರ್ಷ. ಇಲ್ಲಿ ವಾರಾಣಸಿಯಲ್ಲೇ ಬೆಳೆದವಳಾದ್ದರಿಂದ ಅವಳ ಕನ್ನಡ ಪ್ರತಿ ನಾಲ್ಕು ಹೆಜ್ಜೆಗೊಮ್ಮೆ ಹಿಂದಿಯ ಮನೆಗೆ ಹೋಗಿ ಬರುತ್ತದೆ.

"ಪಾಪಾ, ಇದು ಯಾರ್ದು? ಇಷ್ಟು ಛೋಟಾ?"

"ನಿಂದ."

"ಝೂಠ್," ಎಂದು ಅದನ್ನು ತನ್ನ ಗೊಂಬೆಗೆ ತೊಡಿಸಲು ಹೊರಟೇ ಹೋದಳು. ಅವಳು ನಂಬದಿದ್ದುದರಲ್ಲಿ ತಪ್ಪಿಲ್ಲ. ಅದು ಅವಳಿಗೆ ಸಣ್ಣದಾಗಿದೆ ಎಂಬುದನ್ನು ಒಂದು ಕಾಲದಲ್ಲಿ ನಾವೂ ನಂಬಿರಲಿಲ್ಲ. ಆ ಕಥೆಯನ್ನು ನಿಮಗೆ ಹೇಳಿಬಿಡುತ್ತೇನೆ. ನನ್ನ ಮರ್ಯಾದೆ ಸ್ವಲ್ಪ ಹೋದೀತು, ಹೋಗಲಿ.

ಬ್ಯಾಂಕಿನವರು ನನ್ನನ್ನು ಗದಗಿನಿಂದ ಎತ್ತಿ ವಾರಾಣಸಿಗೆ ಹಾಕಿದಾಗ ನಾನು ಜಂಗಮವಾಡಿಯ ಒಂದು ಗಲ್ಲಿಯಲ್ಲಿ ಮನೆ ಹಿಡಿದೆ. ಕನ್ನಡ ನಾಡಿನ ಭಕ್ತರು ಬಂದು ಹೋಗುವ ಅಲ್ಲಿಯ ವೀರಶೈವ ಮಠದ ಹತ್ತಿರವಿದ್ದರೆ ಕಿವಿಗೆ ನಾಲ್ಕು ಕನ್ನಡದ ಮಾತಾದರೂ ಬೀಳುತ್ತವೆ ಎಂದು ಅವ್ವನ ಅಪ್ಪಣೆಯಾಗಿತ್ತು. ಹೆಂಡತಿ ಶೈಲಾ ತವರಿನಲ್ಲಿ ಬಾಣಂತನ ಮುಗಿಸಿ ಮೂರು ತಿಂಗಳ ಕೂಸಿನೊಂದಿಗೆ ಬಂದಳು. ಅವರಿಬ್ಬರ ಬೆನ್ನಿಗೆ ಅವ್ವನೂ ಬಂದಳು. ಬಂದವಳೇ ಮೊದಲು ಒಂದು ಕಾನೂನು ಹೊರಡಿಸಿದಳು.

"ಕೂಸಿನ ತೂಕಾ ಯಾರ ಮುಂದೂ ಆಡಬಾರದು. ಮನಿಯೊಳಗೂ ಆಡಬಾರದು. ನೆದರಾಗ್ತದ."

ದೃಷ್ಟಿ ತಾಗುವುದರಲ್ಲಿ ನನಗೆ ನಂಬಿಕೆಯಿಲ್ಲ ಎಂದು ಬ್ಯಾಂಕಿನ ಕ್ಯಾಂಟೀನಿನಲ್ಲಿ ನಾನು ಎಷ್ಟೋ ಸಲ ಹೇಳಿದ್ದೇನೆ. ಆದರೆ ಕ್ಯಾಂಟೀನಿನಲ್ಲಿ ಹೇಳುವುದೇ ಬೇರೆ, ತೊಟ್ಟಿಲ ಪಕ್ಕದಲ್ಲಿ ನಿಂತು ಹೇಳುವುದೇ ಬೇರೆ. ಪಕ್ಕದವರು ಗಟ್ಟಿಯಾಗಿ ಆಕಳಿಸಿದರೂ ತುಟಿ ನಡುಗಿಸುವ ಆ ಇಷ್ಟೇ ಇಷ್ಟು ಜೀವವನ್ನು ನೋಡಿದರೆ ನನ್ನ ವಿಚಾರವಾದವೆಲ್ಲ ಮೆತ್ತಗಾಗುತ್ತಿತ್ತು.

ಕೂಸಿಗೆ ಮೊದಲು ಡೈಪರ್ ಇರಲಿಲ್ಲ. ಹಳೆಯ ಸೀರೆಯ ಮೆತ್ತನೆಯ ತುಂಡುಗಳಿದ್ದವು. ಕೂಸಿಗೆ ಆರು ತಿಂಗಳು ತುಂಬಿದ ಡಿಸೆಂಬರಿನಲ್ಲಿ ಇಲ್ಲಿಯ ಮಂಜು ಇಳಿಯಿತು ನೋಡಿ, ಸೂರ್ಯ ವಾರಗಟ್ಟಲೆ ಮುಖ ತೋರಿಸಲಿಲ್ಲ. ಒಗೆದ ಬಟ್ಟೆ ಮೂರು ದಿನವಾದರೂ ಒಣಗದು. ಕುರ್ಚಿಯ ಬೆನ್ನು, ಕಿಟಕಿಯ ಸರಳು, ಫ್ಯಾನಿನ ರೆಕ್ಕೆ ಎಲ್ಲ ಕಡೆಯೂ ಚೌಕದ ತುಂಡುಗಳು ನೇತಾಡಿದವು. ಅವ್ವ ಅವುಗಳನ್ನು ಒಂದೊಂದಾಗಿ ಕಾವಲಿಯ ಮೇಲೆ ಒಣಗಿಸಲು ಹೋಗಿ, ಎರಡನ್ನು ಸುಟ್ಟು, ಕೊನೆಗೆ, "ಆ ಅಂಗಡಿ ಲಂಗೋಟಿನ ತಂದುಬಿಡೋ," ಎಂದು ಕೈಚೆಲ್ಲಿದಳು.

ಗಲ್ಲಿಯ ತಿರುವಿನಲ್ಲಿ ಒಂದು ಔಷಧದ ಅಂಗಡಿಯಿತ್ತು. ಚಾಚಾ ಎಂದು ಎಲ್ಲರೂ ಕರೆಯುತ್ತಿದ್ದ ಅದರ ಯಜಮಾನರ ಬಾಯಲ್ಲಿ ಸದಾ ಪಾನ್. ರಸ ಚೆಲ್ಲದಿರಲೆಂದು ಗದ್ದ ಮೇಲೆತ್ತಿ, ಆಕಾಶದ ಜೊತೆ ವ್ಯವಹರಿಸುವವರಂತೆ ಮಾತಾಡುತ್ತಿದ್ದರು. ಡೈಪರುಗಳ ದಾಸ್ತಾನು ಮೇಲಿನ ಅಟ್ಟದಲ್ಲಿ. ಅಟ್ಟದಲ್ಲಿ ಅವರ ಅಣ್ಣ ಕೂತಿರುತ್ತಿದ್ದರು. ಅಣ್ಣನಿಗೆ ಕಿವಿ ಮಂದ.

"ಕಿತ್‌ನೇ ಕಿಲೋ ಕಾ ಹೈ?" ಎಂದು ಚಾಚಾ ಕೂಸಿನ ತೂಕ ಕೇಳಿದರು. ನಾನು ಏನು ಹೇಳಿದರೂ ಅವರು ಅದನ್ನೇ ಗಂಟಲು ಬಿಟ್ಟು ಅಟ್ಟಕ್ಕೆ ಕೂಗುತ್ತಾರೆ ಎಂಬುದು ಹಿಂದಿನ ಗಿರಾಕಿಯಿಂದಲೇ ನನಗೆ ಗೊತ್ತಾಗಿತ್ತು. ಕೂಗಿದರೆ ಗಲ್ಲಿಗೆ ಗಲ್ಲಿಯೇ ಕೇಳುತ್ತದೆ. ಕೂಸಿಗೆ ಆರು ಕಿಲೋ ಎಂದು ಶೈಲಾ ನನ್ನ ಕಿವಿಯಲ್ಲಿ ಹೇಳಿದ್ದಳು. ನಾನು ಒಂದು ಕ್ಷಣ ಯೋಚಿಸಿ, "ಪಾಂಚ್," ಎಂದೆ.

"ಪಾಂಚ್ ಕಿಲೋ ವಾಲಾ ಗಿರಾವಾ!" ಎಂದು ಚಾಚಾ ಕೂಗಿದರು. ಅಟ್ಟದಿಂದ ಎಸ್ ಸೈಜಿನ ಪೊಟ್ಟಣವೊಂದು ದೊಪ್ಪನೆ ಬಿತ್ತು. ಒಂದು ಕಿಲೋ ಕಳೆದು ಹೇಳಿ ಗಲ್ಲಿಯ ಕಣ್ಣುಗಳಿಂದ ಮಗಳನ್ನು ಕಾಪಾಡಿದೆನೆಂಬ ಹೆಮ್ಮೆಯಿಂದ ಮನೆಗೆ ಬಂದೆ.

ಹೆಮ್ಮೆ ಹತ್ತು ದಿನವೂ ಉಳಿಯಲಿಲ್ಲ. ದಿನಾ ಬೆಳಿಗ್ಗೆ ಹಾಸಿಗೆ ಒದ್ದೆ. ಡೈಪರ್ ತೊಡಿಸಲು ಹೋದರೆ ಕೂಸು ಕಾಲು ಝಾಡಿಸಿ ಅಳುತ್ತಿತ್ತು. ತೊಡೆಯ ಸಂದಿನಲ್ಲಿ ಕೆಂಪು ಗೆರೆಗಳು ಮೂಡಿದವು. ಚಾಚಾನಿಗೆ ಹೇಳಿದರೆ, ಕಂಪನಿ ಬದಲಿಸಿ ಎಂದರು. ಬದಲಿಸಿದೆ. ಮತ್ತೊಮ್ಮೆ ಬದಲಿಸಿದೆ. ಮೂರು ಕಂಪನಿಗಳ ಎಸ್ ಸೈಜು ಮನೆ ಸೇರಿತೇ ಹೊರತು ಎಂ ಎಂಬ ಇನ್ನೊಂದು ಅಕ್ಷರವಿದೆ ಎಂದು ನನಗೆ ಹೊಳೆಯಲಿಲ್ಲ. ಸಾಲದ ಅರ್ಜಿಯಲ್ಲಿ ಒಂದು ಅಂಕಿ ಆಚೀಚೆಯಾದರೆ ಹಿಡಿಯುವ ಮನುಷ್ಯ ನಾನು ಎಂಬುದನ್ನು ಇಲ್ಲಿ ನೆನಪಿಸುವುದು ಬೇಡ.

ಇಷ್ಟು ಹೊತ್ತಿಗೆ ನನ್ನನ್ನು ಬೇರೆಯದೇ ಒಂದು ಭಯ ಹಿಡಿದಿತ್ತು. ಬ್ಯಾಂಕಿನಲ್ಲಿ ಊಟದ ಹೊತ್ತಿಗೆ ಮೊಬೈಲ್ ತೆಗೆದು ಏಳನೆಯ ತಿಂಗಳ ಹೆಣ್ಣುಮಗು ಎಷ್ಟು ತೂಗಬೇಕೆಂದು ನೋಡಿದೆ. ಆರು ಕಿಲೋ ಇದ್ದದ್ದು ಪಟ್ಟಿಯ ತೀರ ತಳದ ಗೆರೆಯ ಬಳಿ. ಅದರ ಕೆಳಗೆ ಕೆಂಪು ಬಣ್ಣ. ಅವತ್ತು ಡಬ್ಬಿಯ ರೊಟ್ಟಿ ಹಾಗೇ ವಾಪಸು ಬಂತು. ಮಗಳು ಬೆಳೆಯುತ್ತಿಲ್ಲ. ದಿನವೂ ನೋಡುವ ಕಣ್ಣಿಗೆ ತಿಳಿಯುವುದೂ ಇಲ್ಲ. ಬಟ್ಟೆ ನೋಡಿ ತಿಳಿಯೋಣವೆಂದರೆ, ಹಸುಗೂಸಿಗೆ ಹೊಸದು ಹಾಕಬಾರದೆಂದು ಶೈಲಾಳ ಅಕ್ಕನ ಮಗನ ಹಳೆಯ ಅಂಗಿಗಳನ್ನೇ ತೊಡಿಸುತ್ತಿದ್ದೆವು. ಲಾಡಿ ಕಟ್ಟುವ ಆ ದೊಗಲೆ ಅಂಗಿಗಳು ಯಾವ ಮಗುವಿಗಾದರೂ ಆಗುತ್ತಿದ್ದವು. ತೂಕದ ಮಾತೆತ್ತಿ ಯಾರನ್ನಾದರೂ ಕೇಳೋಣವೆಂದರೆ ಮನೆಯಲ್ಲಿ ಕಾನೂನಿತ್ತು. ಹಾಗಾಗಿ ಒಬ್ಬನೇ ಹೆದರಿದೆ.

ಕೊನೆಗೆ ಒಂದು ಸಂಜೆ, "ಈ ಊರಿನ ಥಂಡಿ, ನೀರು ಕೂಸಿಗೆ ಒಗ್ಗವಲ್ದು. ನೀವು ಮೂರೂ ಮಂದಿ ಗದಗಿಗೆ ಹೋಗ್ರಿ," ಎಂದೆ. ಅವ್ವ ಹೂಂ ಎಂದು ತಲೆಯಾಡಿಸಿದಳು. ಶೈಲಾ ಒಲೆಯ ಮುಂದೆ ನಿಂತಿದ್ದಳು.

"ನಾವು ಹೋದಮ್ಯಾಲೆ ನಿಮ್ಮ ಮಾರಿ ಅಕಿಗೆ ನೆನಪಿರ್ತದೇನ್ರಿ?" ಎಂದಳು, ತಿರುಗಿ ನೋಡದೆ.

ವರ್ಗಾವಣೆ ಮತ್ತೆ ಯಾವಾಗ ಆಗುತ್ತದೋ ದೇವರಿಗೇ ಗೊತ್ತು. ಮುಂದಿನ ಗುರುವಾರಕ್ಕೆ ಟಿಕೆಟು ಕಾಯ್ದಿರಿಸಿದೆ. ಹೋಗುವ ಮೊದಲು ಒಮ್ಮೆ ದೊಡ್ಡ ಡಾಕ್ಟರಿಗೆ ತೋರಿಸಿಬಿಡೋಣ ಎಂದುಕೊಂಡೆವು. ವಿಶ್ವವಿದ್ಯಾಲಯದ ಕಡೆ ಮೈಸೂರಿನ ಡಾಕ್ಟರಮ್ಮ ಒಬ್ಬರಿದ್ದಾರೆಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಮಂಜಿನಲ್ಲಿ ಆಟೋ ಹಿಡಿದು ಮೂವರೂ ಹೋದೆವು. ದಾರಿಯುದ್ದಕ್ಕೂ ಕೂಸು ನನ್ನ ಮಫ್ಲರಿನ ತುದಿ ಚೀಪುತ್ತಿತ್ತು. ನಾನು ಮನಸ್ಸಿನಲ್ಲಿ ಗುರುವಾರದವರೆಗಿನ ದಿನಗಳನ್ನು ಎಣಿಸುತ್ತಿದ್ದೆ.

ಡಾಕ್ಟರಮ್ಮ ಡೈಪರ್ ಬಿಚ್ಚಿ, ತೊಡೆಯ ಗೆರೆಗಳ ಮೇಲೆ ಬೆರಳಾಡಿಸಿದರು.

"ಯಾವ ಸೈಜ್ ಹಾಕ್ತಿದೀರಾ?"

"ಎಸ್," ಎಂದೆ.

"ಮಗು ತೂಕ ಎಷ್ಟು?"

ಆಗ ಆದದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮೂವರೂ ಒಟ್ಟಿಗೆ ಬಾಯಿ ತೆಗೆದೆವು. ಅವ್ವ "ಏಳು" ಎಂದಳು. ಶೈಲಾ "ಆರು" ಎಂದಳು. ನಾನು, ಬಾಗಿಲಾಚೆ ಬೆಂಚಿನ ಮೇಲೆ ಜನ ಕೂತದ್ದು ನೆನಪಾಗಿ, "ಐದು" ಎಂದೆ.

ಡಾಕ್ಟರಮ್ಮನ ಪೆನ್ನು ನಿಂತಿತು. "ಒಂದೇ ಮಗು ತಾನೆ ತಂದಿರೋದು?" ಎಂದರು. ಮತ್ತೆ ನಮ್ಮನ್ನು ಏನೂ ಕೇಳದೆ ಕೂಸನ್ನೆತ್ತಿ ತಕ್ಕಡಿಯ ಮೇಲೆ ಮಲಗಿಸಿದರು. ಅಂಕಿಗಳು ಕುಣಿದು ನಿಂತವು. ಎಂಟು ಕಿಲೋ ಆರು ನೂರು ಗ್ರಾಂ.

"ಡಾಕ್ಟರ್, ನಿಮ್ಮ ತಕ್ಕಡಿ ಬರೋಬ್ಬರಿ ಅದ ಏನ್ರಿ?" ಎಂದು ಕೇಳಿಬಿಟ್ಟೆ.

"ಬೆಳಗ್ಗಿಂದ ಎಷ್ಟೋ ಮಕ್ಕಳನ್ನ ತೂಗಿದೀನಿ. ತಕ್ಕಡಿ ಮೇಲೆ ಅನುಮಾನ ಪಟ್ಟೋರು ನೀವೇ ಮೊದಲು," ಎಂದರು. ಆದರೂ ನನ್ನ ಮುಖ ನೋಡಿ ಇನ್ನೊಮ್ಮೆ ತೂಗಿದರು. ಎಂಟು ಕಿಲೋ ಆರು ನೂರು.

ಆಮೇಲೆ ಒಬ್ಬೊಬ್ಬರ ಗುಟ್ಟು ಹೊರಬಿತ್ತು. ಸೂಜಿ ಚುಚ್ಚುವುದನ್ನು ನೋಡಲಾರದೆ ಲಸಿಕೆಯ ದಿನ ಶೈಲಾ ಹೊರಗೇ ನಿಲ್ಲುತ್ತಿದ್ದಳು. ಕೂಸನ್ನು ಒಳಗೆ ಒಯ್ಯುತ್ತಿದ್ದವಳು ಅವ್ವ. ಆರನೆಯ ತಿಂಗಳಲ್ಲಿ ನರ್ಸು ಎಂಟು ಎಂದು ಬರೆದಿದ್ದಳು. ಸೊಸೆ ಫೋನಿನಲ್ಲಿ ತವರಿಗೆಲ್ಲ ಹೇಳುತ್ತಾಳೆಂದು ಅವ್ವ ಹೊರಗೆ ಬಂದು ಏಳು ಎಂದಿದ್ದಳು, ಕಾರ್ಡನ್ನು ಟ್ರಂಕಿಗೆ ಸೇರಿಸಿದ್ದಳು. ಗಂಡ ಬ್ಯಾಂಕಿನಲ್ಲಿ ಬಾಯಿ ಬಿಡುತ್ತಾನೆಂದು ಶೈಲಾ ನನಗೆ ಆರು ಎಂದಿದ್ದಳು. ನಾನು ಚಾಚಾನಿಗೆ ಐದು ಎಂದಿದ್ದೆ. ಕಾವಲುಗಾರ ತಾನೊಬ್ಬನೇ ಎಂದು ಮೂವರೂ ತಿಳಿದಿದ್ದೆವು. ನಾವು ಕಾಪಾಡಿದ ಭರಕ್ಕೆ ಕೂಸಿನ ತೊಡೆ ಕೆಂಪಾಗಿತ್ತು.

ನನಗೆ ಅಳು ಬಂತು. ಸಂತೋಷದ ಅಳು ಎಂದು ಕಥೆಗಳಲ್ಲಿ ಬರೆಯುತ್ತಾರಲ್ಲ, ಅದನ್ನು ನಾನು ಅಲ್ಲಿಯವರೆಗೆ ನಂಬಿರಲಿಲ್ಲ. ಮಗಳು ಬೆಳೆದಿದ್ದಳು. ನನ್ನ ಕಣ್ಣೆದುರಿಗೇ ದುಂಡಗೆ ಬೆಳೆದು, ಇನ್ನು ಇದು ಹಿಡಿಸುವುದಿಲ್ಲ ಎಂದು ದಿನಾ ಅತ್ತು ಹೇಳಿದ್ದಳು. ಎದೆಯ ಮೇಲೆ ತಿಂಗಳಿಂದ ಕೂತಿದ್ದ ಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟಂತಾಯಿತು.

ಡಾಕ್ಟರಮ್ಮ ತಾಳ್ಮೆಯಿಂದ ಪಾಠ ಮಾಡಿದರು. ತಿಂಗಳ ಲೆಕ್ಕ ನೋಡಬೇಡಿ, ಪೊಟ್ಟಣದ ಮೇಲಿನ ತೂಕ ನೋಡಿ. ಕಂಪನಿಯಿಂದ ಕಂಪನಿಗೆ ಅದು ಬೇರೆಯಾಗುತ್ತೆ. ಎರಡು ಸೈಜಿನ ನಡುವೆ ಬಂದರೆ ದೊಡ್ಡದನ್ನೇ ತೊಗೊಳ್ಳಿ. ಸೊಂಟದ ಹತ್ತಿರ ಎರಡು ಬೆರಳು ಸಲೀಸಾಗಿ ಹೋಗಬೇಕು. ತೊಡೆಯಲ್ಲಿ ಗೆರೆ ಮೂಡಿದರೆ, ಪದೇ ಪದೇ ಸೋರಿದರೆ, ಸಣ್ಣದಾಗಿದೆ ಅಂತಲೇ ಅರ್ಥ. ಅವ್ವ ತನ್ನ ಎರಡು ಬೆರಳುಗಳನ್ನು ಮೇಲೆತ್ತಿ ನೋಡಿಕೊಂಡಳು, "ಇಷ್ಟ ಏನವಾ?" ಎಂದಳು. "ಅಷ್ಟೇ ಅಜ್ಜಿ," ಎಂದರು ಅವರು. ಹೊರಡುವಾಗ ಚೀಟಿಯಲ್ಲಿ ತೂಕ ಬರೆದು, ಮಡಿಸಿ, ಅವ್ವನ ಕೈಯಲ್ಲಿಟ್ಟರು. "ಹೊರಗೆ ಜೋರಾಗಿ ಹೇಳ್ಬೇಡಿ ಆಯ್ತಾ," ಎಂದು ಮೆಲ್ಲಗೆ ಸೇರಿಸಿದರು. ಡಾಕ್ಟರಮ್ಮನಾದರೂ ಮೈಸೂರಿನ ಯಾವುದೋ ಅಜ್ಜಿಯ ಮೊಮ್ಮಗಳೇ ತಾನೆ.

ಮನೆಗೆ ಹೋಗುವ ಮೊದಲೇ ಚಾಚಾನ ಅಂಗಡಿಗೆ ಹೋದೆ. "ಆಠ್ ಕಿಲೋ ಛೇ ಸೌ ಗ್ರಾಮ್," ಎಂದೆ. ಚಾಚಾ ಗದ್ದ ಇಳಿಸಿದರು. ಪಾನ್ ನುಂಗಿದರೋ ಏನೋ.

"ಪಿಛಲೇ ಹಫ್ತೇ ತೋ ಪಾಂಚ್ ಕಾ ಥಾ. ಕ್ಯಾ ಖಿಲಾ ದಿಯೇ, ಭಯ್ಯಾ?"

ಒಂದೇ ವಾರದಲ್ಲಿ ಐದರಿಂದ ಎಂಟಕ್ಕೇರಲು ಏನು ತಿನ್ನಿಸಿದೆನೆಂಬ ಪ್ರಶ್ನೆಯ ಉತ್ತರಕ್ಕೆ ಕಾಯದೆ ಅಟ್ಟಕ್ಕೆ ಕೂಗಿದರು. ಎಂ ಸೈಜಿನ ಪೊಟ್ಟಣ ಬಿತ್ತು. ಇಡೀ ಗಲ್ಲಿಗೆ ಕೇಳಿಸಿತು. ಆ ಕೂಗು ಮುಗಿಯದಿದ್ದರೂ ನನಗೆ ಬೇಸರವಿರಲಿಲ್ಲ. ಮರುದಿನ ಬೆಳಿಗ್ಗೆ ಹಾಸಿಗೆ ಒಣಗಿತ್ತು. ಒಂದು ವಾರದಲ್ಲಿ ಕೆಂಪು ಗೆರೆ ಮಾಯವಾಯಿತು. ಗುರುವಾರದ ರೈಲು ಅವರಿಲ್ಲದೆ ಹೋಯಿತು. ಅಂದು ಸಂಜೆ ಶೈಲಾ, ಹಬ್ಬದ ದಿನದಂತೆ, ಬೆಲ್ಲ ಹಾಕಿ ಗೋದಿ ಹುಗ್ಗಿ ಮಾಡಿದ್ದಳು. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ.

ಇಷ್ಟೆಲ್ಲ ನೆನೆಯುತ್ತ ಕೂತಾಗ ಕಾರ್ಡು ಸಿಕ್ಕಿತು, ಟ್ರಂಕಿನ ತೀರ ತಳದಲ್ಲಿ. ಮಡಿಕೆಯಲ್ಲಿ ಹರಿದಿತ್ತು. ನರ್ಸಿನ ಕೈಬರಹದಲ್ಲಿ ತೂಕಗಳೆಲ್ಲ ಸರಿಯಾಗಿಯೇ ಇದ್ದವು. ಆದರೆ ಪ್ರತಿ ಅಂಕಿಯ ಪಕ್ಕದಲ್ಲೂ ಒಂದು ಸಣ್ಣ ಕಪ್ಪು ಕಲೆ.

"ಅವ್ವಾ, ಇದರ ಮ್ಯಾಲೆ ಮಸಿ ಬಿದ್ದದಲ್ಲ?"

ಅವ್ವ ಕನ್ನಡಕ ಏರಿಸಿ ನೋಡಿದಳು. "ಮಸಿ ಅಲ್ಲೋ, ಕಾಡಿಗಿ. ಕೂಸಿನ ಗಲ್ಲಕ್ಕ ಬೊಟ್ಟ ಇಡ್ತಿದ್ದೆ, ಹಂಗ ಇದಕ್ಕೂ ಇಟ್ಟೆ. ಬರದದ್ದು ಅಳಸ್ಲಿಕ್ಕೆ ಬರ್ತದೇನು?"

ಈ ಕಥೆಯನ್ನು ಇಷ್ಟು ವರ್ಷ ನೆಂಟರ ಮುಂದೆ ಅವ್ವನನ್ನು ಛೇಡಿಸಲೆಂದೇ ಹೇಳಿದ್ದೇನೆ. ಈಗ ನಾಚಿಕೆಯಾಯಿತು. ಅವಳು ಕೂಸಿನ ತೂಕವನ್ನೂ ಕೂಸಿನಂತೆಯೇ ಕಾದಿದ್ದಳು.

ಫಾರಂ ಎಳೆದುಕೊಂಡೆ. ಮಗಳನ್ನು ತಕ್ಕಡಿಯ ಮೇಲೆ ನಿಲ್ಲಿಸಿದೆ. "ಇಕ್ಕೀಸ್!" ಎಂದು ಅವಳು ಗಲ್ಲಿಗೆಲ್ಲ ಕೇಳುವಂತೆ ಕೂಗಿ, ಡೈಪರ್ ತೊಟ್ಟ ಗೊಂಬೆಯನ್ನೂ ತೂಗಲು ಹಟ ಹಿಡಿದಳು. ನಾನು ಪೆನ್ನು ಹಿಡಿದು ಅವ್ವನ ಕಡೆ ನೋಡಿದೆ.

"ಇದ್ದಷ್ಟ ಬರಿ," ಎಂದಳು ಅವ್ವ. "ಕಡಿಮಿ ಬರಿಬ್ಯಾಡ. ಮತ್ತ ಎಲ್ಲೆರ ಬಿಗಿ ಆದೀತು."

ಇಪ್ಪತ್ತೊಂದು ಎಂದು ಬರೆದೆ. ಆಮೇಲೆ ಒಳಗೆ ಹೋಗಿ ದೇವರ ಗೂಡಿನಿಂದ ಅವ್ವನ ಕಾಡಿಗೆಯ ಡಬ್ಬಿ ತಂದು, ಮುಚ್ಚಳ ತೆಗೆದು, ಫಾರಮ್ಮಿನ ಜೊತೆ ಅವಳ ಮುಂದೆ ಹಿಡಿದೆ.

"ಇಲ್ಲಿ ಅವ್ವಾ," ಎಂದೆ. "ಅಂಕಿ ಮಗ್ಗಲಕ್ಕ."