ಕಳೆ ಮೇಡಂ ಮತ್ತು ಸವಳು ನೆಲದ ದುಂಬಿ

ಕೃಷಿ ವಿಜ್ಞಾನದಲ್ಲಿ ಕಳೆಯ ತಜ್ಞರೆಂದರೆ ಸಾಮಾನ್ಯವಾಗಿ ಕಳೆಯನ್ನು ಕೊಲ್ಲಬಲ್ಲವರು. ಬೆಂಡೆ, ಹತ್ತಿ, ದಾಸವಾಳಗಳ ಕುಟುಂಬಕ್ಕೆ ಸೇರಿದ, ನೆಲಕ್ಕೆ ಅಂಟಿಕೊಂಡು ಹರಿಯುವ ಒಂದು ಬಡಪಾಯಿ ಕಳೆಯನ್ನು ಕೊಲ್ಲುವ ಮೊದಲು ಅರ್ಥಮಾಡಿಕೊಳ್ಳಬೇಕೆಂದು ಹಠ ಹಿಡಿದು, ಆ ಹಠದಲ್ಲೇ ಸೇವಾವಧಿಯನ್ನೆಲ್ಲ ಸವೆಸಿದ ನಮ್ಮ ಹಿರಿಯ ವಿಜ್ಞಾನಿಯವರನ್ನು ನಾವೆಲ್ಲ 'ಕಳೆ ಮೇಡಂ' ಎಂದೇ ಕರೆಯುತ್ತೇವೆ. ಎದುರಿಗೂ ಹಾಗೆಯೇ ಕರೆಯುತ್ತೇವೆ, ಅವರು ಓಗೊಡುತ್ತಾರೆ.

ಅವರು ಈ ಸಂಶೋಧನಾ ಕೇಂದ್ರಕ್ಕೆ ಸೇರಿದ ಹೊಸತರಲ್ಲಿ, ಹಿತ್ತಲಿನ ಸವಳು ನೆಲದಲ್ಲಿದ್ದ ಈ ಕಳೆಯನ್ನು ನಿರ್ಮೂಲ ಮಾಡಲು ಅಂದಿನ ನಿರ್ದೇಶಕರು ಟ್ರ್ಯಾಕ್ಟರ್ ಹೊಡೆಸಿದರಂತೆ. ಬೇರಿನ ಒಂದೊಂದು ತುಂಡೂ ಚಿಗುರಿ, ಅಂಗಳದಷ್ಟಿದ್ದ ಕಳೆ ಹೊಲದಷ್ಟಾಯಿತು. ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಾಗ ಮೇಡಂ ನೆಲಕ್ಕೆ ಬಗ್ಗಿದರು. ಬೇರೆ ಹುಲ್ಲುಕಡ್ಡಿಯೂ ಏಳದ ಆ ಉಪ್ಪುಮಣ್ಣನ್ನು ಗಾಳಿಗೆ ಹಾರದಂತೆ ಹಿಡಿದಿರುವುದು ಈ ಕಳೆಯೇ ಎಂಬುದನ್ನೂ, ಬಿಲ ತೋಡಿ ಒಂಟಿಯಾಗಿ ಬಾಳುವ ಒಂದು ಸಣ್ಣ ಕಂದು ದುಂಬಿ ತನ್ನ ಮರಿಗಳಿಗೆ ಇದರ ಪರಾಗವನ್ನಲ್ಲದೆ ಬೇರೇನನ್ನೂ ಒಯ್ಯುವುದಿಲ್ಲವೆಂಬುದನ್ನೂ ತೋರಿಸಿಕೊಟ್ಟವರು ಅವರು. ಹೊಲಕ್ಕೆ ನುಗ್ಗಿದ್ದನ್ನು ಬೇರುಸಹಿತ ಕೀಳಿಸಿದರು, ಹಿತ್ತಲಿನದನ್ನು ಉಳಿಸಿಕೊಂಡರು. ಪ್ರಯೋಗಕ್ಕಾಗಿ, ದುಂಬಿ ಮುಟ್ಟದಂತೆ ಹೂಗಳಿಗೆ ತೊಡಿಸುವ ಬಲೆಚೀಲಗಳನ್ನು ಹೊಲಿದುಕೊಟ್ಟವರು ದರ್ಜಿಯಾದ ಅವರ ಯಜಮಾನರು. "ಊರಿನವರ ಅಳತೆ ಎಲ್ಲ ತಗೊಂಡಾಯ್ತು, ಹೂವಿಂದೊಂದು ಬಾಕಿ ಇತ್ತು ನೋಡಿ" ಎಂದು ನಗುತ್ತಿದ್ದರು.

ನಾನು ಮೇಡಂ ಅವರ ವಿದ್ಯಾರ್ಥಿನಿ. ಸಂಶೋಧನೆಯ ನಡುವೆ ತಾಯಿ ಹಾಸಿಗೆ ಹಿಡಿದಾಗ ಓದು ಬಿಟ್ಟು ಹೊರಟಿದ್ದೆ. "ನೀನು ಅಮ್ಮನ್ನ ನೋಡ್ಕೋ, ನಿನ್ನ ಕುಂಡಗಳನ್ನ ನಾನು ನೋಡ್ಕೋತೀನಿ" ಎಂದರು. ತಿರುಗಿ ಬಂದಾಗ ಒಂದು ಗಿಡವೂ ಬಾಡಿರಲಿಲ್ಲ. ಆ ಋಣ ನನ್ನ ಮೇಲಿದೆ. ತೀರಿಸಿಬಿಡುವ ಆಸೆಯೂ ನನಗಿಲ್ಲ.

ಈ ಅಭಿನಂದನ ಸಂಪುಟ ಮೇಡಂ ನಿವೃತ್ತರಾದಾಗ ಬೀಳ್ಕೊಡುಗೆಯ ದಿನವೇ ಹೊರಬರಬೇಕಿತ್ತು. ಮುದ್ರಣ ತಡವಾದ್ದರಿಂದ ಆ ದಿನದ ಕಥೆಯನ್ನೂ ಹೇಳುವಂತಾಯಿತು. ಮೇಡಂ ಅವರಿಗೆ ಪ್ರಿಯವಾದ ಜಾಗದಲ್ಲೇ ಸಮಾರಂಭ ನಡೆಯಲೆಂಬ ಪ್ರೀತಿಯಿಂದ ಅಭಿನಂದನ ಸಮಿತಿಯ ಕಾರ್ಯದರ್ಶಿಗಳು ಹಿತ್ತಲಲ್ಲಿ ಚಪ್ಪರ ಹಾಕಿಸಲು ಹೊರಟರು. ನೆಲ ಚೊಕ್ಕಟವಿರಲೆಂದು ಕಳೆಯನ್ನೆಲ್ಲ ಕೆತ್ತಿಸಿ, ರೋಲರ್ ಹೊಡೆಸಿ ಗಟ್ಟಿ ಮಾಡಿಸಿದರು. ಕಳೆ ಮೇಡಂ ಸನ್ಮಾನಕ್ಕೆ ಅವರ ಕಳೆಯನ್ನೇ ಕೀಳಿಸಿದ ಕೀರ್ತಿ ನಮ್ಮದಾಯಿತು. ಅದು ಕಳೆ ಹೂ ಬಿಡುವ ಕಾಲ ಬೇರೆ. ಮೇಡಂ ಬಂದು ನೋಡಿದಾಗ, ಬಿಲದ ಬಾಯಿ ಸಿಗದೆ ದುಂಬಿಗಳು ಬೋಳು ನೆಲದ ಮೇಲೆ ಸುತ್ತುತ್ತಿದ್ದವು. ಅವರು ಅಲ್ಲೇ ನೆಲಕ್ಕೆ ಬಗ್ಗಿ ಬಿಲಗಳಿಗಾಗಿ ತಡಕಾಡಿದರು.

"ತಪ್ಪಾಯ್ತು ಮೇಡಂ. ಮತ್ತೆ ಚಿಗುರತ್ತಲ್ವಾ?" ಎಂದರು ಕಾರ್ಯದರ್ಶಿಗಳು, ಮುಖ ಸಪ್ಪೆ ಮಾಡಿಕೊಂಡು.

"ಕಳೆ ಚಿಗುರತ್ತೆ ಬಿಡಿ, ಅದಕ್ಕೆ ಮಾನ ಮರ್ಯಾದೆ ಇಲ್ಲ. ದುಂಬಿ ಬರತ್ತೋ ಇಲ್ವೋ ನಂಗೂ ಗೊತ್ತಿಲ್ಲ."

ಚಪ್ಪರ ಬಿಚ್ಚಿಸಿ, ಸಮಾರಂಭವನ್ನು ವಾಹನಗಳ ಶೆಡ್ಡಿನಲ್ಲಿ ನಡೆಸಿದೆವು. ವೇದಿಕೆಯ ಮೇಲೆ ಮೇಡಂ ಆ ಕಾರ್ಯದರ್ಶಿಗಳನ್ನೇ ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಆಮೇಲೆ ಅವರನ್ನು ಯಾರೂ ಬೈಯಲಿಲ್ಲ.

ಈಗ ಕಳೆ ಚಿಗುರಿದೆ, ಮಾಸಲು ಬಿಳಿಯ ಹೂವೂ ಬಿಟ್ಟಿದೆ. ನಿವೃತ್ತರಾದ ಮೇಡಂ ದಿನವೂ ಬೆಳಿಗ್ಗೆ ಬಂದು ಅದರ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ದುಂಬಿ ಇನ್ನೂ ಬಂದಿಲ್ಲ. ಈ ವರ್ಷ ಬಾರದೇ ಹೋದರೆ ಎಂದು ಕೇಳಿದೆ.

"ಬರೋ ವರ್ಷ ಬರಬಹುದು. ಬಂದಾಗ ನೋಡೋಕೆ ಯಾರಾದ್ರೂ ಇರಬೇಕಲ್ಲ" ಎಂದರು.

ಅದಕ್ಕೆ ಬೇಕಾದ ಆಯುಸ್ಸು, ಬಗ್ಗುವ ಸೊಂಟ, ಸಣ್ಣದನ್ನು ಕಾಣುವ ಕಣ್ಣು ಅವರಿಗಿರಲಿ. ದುಂಬಿ ಬೇಗ ಬರಲೆಂದು ಕೇಂದ್ರದವರೆಲ್ಲ ಹಾರೈಸುತ್ತಿದ್ದಾರೆ. ನಾನೂ ಹಾರೈಸುತ್ತೇನೆ. ಆದರೆ ಸ್ವಲ್ಪ ತಡವಾದರೂ ನನಗೆ ಬೇಸರವಿಲ್ಲ. ಅಲ್ಲಿಯವರೆಗೆ ಮೇಡಂ ದಿನವೂ ಬರುತ್ತಿರುತ್ತಾರೆ.