ಮಂಡಿಯಲ್ಲಿ ಕೂತು ನಡೆಸಿದ ಯುದ್ಧ

ತಿಪಟೂರಿನ ನನ್ನ ಕೊಬ್ಬರಿ ಮಂಡಿಯಲ್ಲಿ ಕೂತು ನಾವು ನಾಲ್ಕೈದು ಜನ ದೇಶದ ವಿದೇಶಾಂಗ ವ್ಯವಹಾರವನ್ನೆಲ್ಲ ತೀರ್ಮಾನ ಮಾಡುತ್ತಿದ್ದೆವು. ಈಗ ನೆನೆದರೆ ಬಾಯಿಗೆ ಕಮಟು ಎಣ್ಣೆ ಬಿದ್ದ ಹಾಗಾಗುತ್ತದೆ. ಟೀ ಬರುವಷ್ಟರಲ್ಲಿ ಅಮೆರಿಕಕ್ಕೆ ಬುದ್ಧಿ ಹೇಳಿ ಮುಗಿದಿರುತ್ತಿತ್ತು. ಬಾಂಗ್ಲಾ ಯುದ್ಧದಲ್ಲಿ ಅವರು ನಮ್ಮ ಕಡಲಿಗೆ ಹಡಗು ಕಳಿಸಿದ್ದನ್ನು ಒಬ್ಬ ಎತ್ತಿದರೆ, ಆಗ ರಷ್ಯಾ ಇಲ್ಲದಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಎಂದು ಇನ್ನೊಬ್ಬ ತೊಡೆ ತಟ್ಟುತ್ತಿದ್ದ. ಚೀನಾ, ಪಾಕಿಸ್ತಾನಗಳಿಗೆ ದಿನಾ ಬೈಗುಳ. ನಮ್ಮಲ್ಲಿ ಒಬ್ಬನೂ ಸಮುದ್ರ ನೋಡಿದವನಲ್ಲ.

೧೯೮೭ರಲ್ಲಿ ನಮ್ಮ ಸೈನ್ಯ ಶಾಂತಿ ಮಾಡಿಸಲೆಂದು ಶ್ರೀಲಂಕಾಕ್ಕೆ ಹೋಯಿತು. ನಾವು ಹೋಗದಿದ್ದರೆ ದೊಡ್ಡ ದೇಶಗಳು ಬಂದು ಅಲ್ಲಿನ ಬಂದರಿನಲ್ಲಿ ಕೂರುತ್ತವೆ, ಆದ್ದರಿಂದ ಹೋದದ್ದೇ ಸರಿ ಎಂದು ಮಂಡಿ ಒಪ್ಪಿಗೆ ಕೊಟ್ಟಿತು. ಕೆಲವೇ ತಿಂಗಳಲ್ಲಿ ಶಾಂತಿಗೆ ಹೋದವರೇ ಗುಂಡು ಹಾರಿಸುವ ಹಾಗಾಯಿತು. ಪೇಪರಿನಲ್ಲಿ ಸತ್ತವರ ಸುದ್ದಿ ಬರತೊಡಗಿತು. ಆಗ ನಮ್ಮಲ್ಲೊಬ್ಬ, “ಲಂಕೆ ಕೊಬ್ರಿ ನಿಂತೋಯ್ತದೆ ಕಣ್ಲಾ, ಇನ್ನು ನಮ್ದುಕ್ಕೇ ರೇಟು” ಅಂದ.

ಲಂಕೆಯ ಕೊಬ್ಬರಿ ನಮ್ಮ ಮಾರುಕಟ್ಟೆಗೆ ಬರುತ್ತಿತ್ತೋ ಇಲ್ಲವೋ, ಅವನಿಗೆ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ. ಆದರೂ ಅವತ್ತಿನಿಂದ ಎಲ್ಲರೂ ರೈತರಿಗೆ ಕಾಯಿ ಒಡೆಸಬೇಡಿ, ತಡೆಯಿರಿ ಎಂದು ಹೇಳತೊಡಗಿದೆವು.

ನೊಣವಿನಕೆರೆ ಕಡೆಯ ಒಬ್ಬ ಹೆಂಗಸು ವರ್ಷಗಳಿಂದ ನನ್ನ ಮಂಡಿಗೇ ಕೊಬ್ಬರಿ ಹಾಕುತ್ತಿದ್ದಳು. ಗಂಡ ಇಲ್ಲ, ತೋಟ ಅವಳದೇ. ಒಬ್ಬನೇ ಮಗ ಸೈನ್ಯದಲ್ಲಿದ್ದ, ಲಂಕೆಗೆ ಹೋಗಿದ್ದ. ಸಂತೆಗೆ ಬಂದಾಗಲೆಲ್ಲ ಮಂಡಿಯ ಬಾಗಿಲಲ್ಲಿ ನಿಂತು, “ಪೇಪರ್ನಾಗೆ ಏನಾರ ಬಂದೈತಾ ಕಣಪ್ಪ?” ಎಂದು ಕೇಳುತ್ತಿದ್ದಳು. ನಾನು ಓದಿ ಹೇಳುತ್ತಿದ್ದೆ. ಸತ್ತವರ ಸಾಲು ಬಂದರೆ ಬಿಟ್ಟು ಓದುತ್ತಿದ್ದೆ. ಅಷ್ಟು ಮನುಷ್ಯತ್ವ ನನಗಿದೆ ಎಂದು ಒಳಗೊಳಗೇ ಬೀಗುತ್ತಲೂ ಇದ್ದೆ.

ಒಂದು ವಾರ ಅವಳು ಪೇಪರಿನ ಸುದ್ದಿ ಕೇಳಿಕೊಂಡು, ಅಟ್ಟದ ಕಾಯಿ ಯಾವಾಗ ಒಡೆಸಲಿ ಎಂದು ವಿಚಾರಿಸಿದಳು. ನಾನು ಪೇಪರು ಮಡಚುತ್ತ, “ಈಗ್ಲೇ ಬ್ಯಾಡ ಕಣವ್ವ. ಲಂಕೆ ಗಲಾಟೆ ಇನ್ನೆರಡು ತಿಂಗ್ಳು ನಡೀಲಿ. ಒಳ್ಳೆ ರೇಟು ಕೊಡುಸ್ತೀನಿ” ಅಂದೆ.

“ನಡೀಲಾ?” ಅಂದಳು. ಚೀಲ ಕಂಕುಳಿಗೆ ಸೇರಿಸಿಕೊಂಡು ಬಸ್ಸಿಗೆ ಹೋದಳು. ಮಗನ ವಿಷಯ ಮರೆತಿದ್ದೆ ಎಂದರೆ ಹಸಿ ಸುಳ್ಳಾಗುತ್ತದೆ. ಐದು ನಿಮಿಷದ ಹಿಂದೆ ಅವನಿಗಾಗಿಯೇ ಪೇಪರು ಓದಿದ್ದೆ. ರೇಟಿನ ಮಾತು ಬಂದ ಕೂಡಲೇ ಆ ಹುಡುಗ ನನಗೆ ಲೆಕ್ಕಕ್ಕಿಲ್ಲದವನಾದ. ನನ್ನ ಬಗ್ಗೆ ನನಗೇ ಇಷ್ಟು ಹೇಸಿಗೆ ಬೇರೆ ಯಾವತ್ತೂ ಆಗಿಲ್ಲ.

ಮುಂದಿನ ವಾರ ಎತ್ತಿನ ಗಾಡಿಯಲ್ಲಿ ಮೂಟೆಗಳ ಜೊತೆ ಅವಳೇ ಬಂದಳು. ನಮ್ಮ ಕಡೆ ಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಇರಬೇಕು. ಒಳಗಿನ ನೀರು ಬತ್ತಿ, ಅಲ್ಲಾಡಿಸಿದರೆ ಸದ್ದಾಗಬೇಕು. ಆಗ ಒಡೆದರೆ ಕೊಬ್ಬರಿ ಗುಂಡಗೆ ಇಡಿಯಾಗಿ ಬರುತ್ತದೆ. ಇವಳು ಸದ್ದಾಗುವುದನ್ನೂ ಆಗದ್ದನ್ನೂ ಒಟ್ಟಿಗೇ ಒಡೆಸಿದ್ದಳು. ಮೂಟೆಗೆ ಕೈ ಹಾಕಿದರೆ ಬರೀ ಚೂರು, ಹಸಿ ಹಸಿ.

“ಏನವ್ವಾ ಇದು? ವರ್ಷದ ಬೆಳೆ ಹಾಳು ಮಾಡ್ಕಂಡ್ರಲ್ಲ” ಅಂದೆ.

“ಕಾಯಿ ಅಟ್ಟದ ಮ್ಯಾಲೆ ಇದ್ರೆ ನಾನೂ ನಿನ್ನಂಗೇ ರೇಟು ನೋಡ್ಕಂಡು ಕೂರಬೇಕಾಯ್ತದೆ. ನನ್ ಮಗ ಅಲ್ಲಿರೋ ಗಂಟ ನಮ್ಮನೇಲಿ ಒಂದು ಕಾಯೂ ಇರಬ್ಯಾಡ. ತೂಕ ಹಾಕು.”

ತೂಕ ಹಾಕಿಸಿದೆ. ಕೊಟ್ಟಷ್ಟು ತೆಗೆದುಕೊಂಡಳು, ಪೇಪರಿನ ಸುದ್ದಿ ಕೇಳಲಿಲ್ಲ. ಮಗ ಆಮೇಲೆ ಕ್ಷೇಮವಾಗಿ ಊರಿಗೆ ಬಂದನಂತೆ, ಆದರೆ ಅವತ್ತು ಅದು ಯಾರಿಗೂ ಗೊತ್ತಿರಲಿಲ್ಲ. ಅವಳ ಗಾಡಿ ರಸ್ತೆಯ ತಿರುವು ದಾಟುವ ಮೊದಲೇ ಒಬ್ಬ ಪೇಪರು ಬಿಡಿಸಿದ. “ಇನ್ನೂ ಎಷ್ಟು ದಿನ ನಡೀಬೌದು?” ಎಂಬ ಪ್ರಶ್ನೆ ಬಂತು.

ಕೇಳಿದವನು ನಾನೇ. ನನ್ನ ಗೋಡೌನಿನಲ್ಲಿ ಇನ್ನೂ ಕೊಬ್ಬರಿ ಇತ್ತು.